ಹಾಜರಿ ಪುಸ್ತಕದಲ್ಲಿ ಹೆಸರಿರಲಿ

(ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರೊಬ್ಬರು ಮತ್ತು ಪೋಕ್ಸೊ ಪ್ರಕರಣಗಳಲ್ಲಿ ಮಕ್ಕಳ ಪರವಾಗಿ ನಿಲ್ಲುವ ವಕೀಲೆಯೊಬ್ಬರು ಆಡಿಕೊಂಡ ಮಾತು)

– ಹೊರಗೆ ಹಾಕಿದೆವು ಅಂತ ಮಾತ್ರ ಹೇಳಬೇಡಿ ಮೇಡಂ. ನನ್ನ ಸರ್ವೀಸಿನಲ್ಲಿ ಒಂದು ಹೆಣ್ಣುಮಗುವಿನ ಹೆಸರನ್ನೂ ನಾನಾಗಿ ಹೊಡೆದುಹಾಕಿಲ್ಲ. ಅಪ್ಪನೋ ಸೋದರಮಾವನೋ ಬರುತ್ತಾರೆ, ಟಿಸಿ ಕೇಳುತ್ತಾರೆ, ಅರ್ಜಿಗೆ ಹೆಬ್ಬೆಟ್ಟು ಒತ್ತುತ್ತಾರೆ. ಕೊಡದೆ ಇಟ್ಟುಕೊಳ್ಳಲು ನನಗೇನು ಅಧಿಕಾರ?

– ಅಪ್ಪ ಬರುವುದಕ್ಕೆ ಮುಂಚೆ ಶಾಲೆಯಿಂದ ಯಾರಾದರೂ ಅವರ ಮನೆಗೆ ಹೋಗಿ ಒಂದು ಮಾತು ಹೇಳಿ ಬಂದಿರುತ್ತಾರಲ್ಲವೇ ಸರ್?

– ಹೇಳಿರಬಹುದು. 'ಸ್ವಲ್ಪ ದಿನ ಮನೆಯಲ್ಲೇ ಇರಲಿ, ನಾಲ್ಕು ಜನರ ಬಾಯಿಗೆ ಬೀಳುವುದು ಬೇಡ' ಅಂತ. ಅವಳ ಒಳ್ಳೆಯದಕ್ಕೇ ಹೇಳಿದ್ದು.

– ಆ ಸ್ವಲ್ಪ ದಿನ ಯಾವತ್ತು ಮುಗಿಯಿತು ಅಂತ ಲೆಕ್ಕ ಇಟ್ಟವರು ಯಾರು? ನನ್ನ ಕಡತಗಳಲ್ಲಿ ಎಫ್‌ಐಆರ್ ಇರುತ್ತದೆ, ವೈದ್ಯಕೀಯ ವರದಿ ಇರುತ್ತದೆ, ಮಹಜರು ಇರುತ್ತದೆ. ಶಾಲೆಯ ದಾಖಲೆಯೂ ಇರುತ್ತದೆ. ಯಾಕೆ ಗೊತ್ತೇ? ವಯಸ್ಸು ಸಾಬೀತು ಮಾಡಲು ಕಾನೂನು ಮೊದಲು ಕೇಳುವುದು ಶಾಲೆಯ ಪ್ರಮಾಣಪತ್ರವನ್ನೇ. ಪೊಲೀಸರು ನಿಮ್ಮ ಹತ್ತಿರ ಬಂದು ಹುಟ್ಟಿದ ತಾರೀಕು ಬರೆಸಿಕೊಂಡು ಹೋಗುತ್ತಾರೆ. ಹುಡುಗಿ ತರಗತಿಗೆ ವಾಪಸ್ ಬಂದಳಾ ಅಂತ ಅವರೂ ಕೇಳುವುದಿಲ್ಲ, ನೀವೂ ಹೇಳುವುದಿಲ್ಲ. ಆರೋಪಿಗೆ ಶಿಕ್ಷೆಯಾದರೆ ಪ್ರಕರಣ ಗೆದ್ದಂತೆ. ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ ತಪ್ಪಿಹೋಗಿರುತ್ತದೆ.

– ಎಷ್ಟು ಮಕ್ಕಳ ಮಾತು ಇದು? ನಮ್ಮ ಶಾಲೆಯಲ್ಲಿ ಅಪರೂಪಕ್ಕೊಂದು.

– ಕಣ್ಣಿಗೆ ಬಿದ್ದದ್ದು ಅಪರೂಪ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಶೇ. 21.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಇದೇ ಅಂಕಿ. ಭಾಗ್ಯಲಕ್ಷ್ಮಿ ಬಾಂಡು, ಸೈಕಲ್ಲು, ಬಿಸಿಯೂಟ ಎಲ್ಲ ಇದ್ದರೂ ಆ ಎರಡು ಸಮೀಕ್ಷೆಗಳ ನಡುವೆ ಅಂಕಿ ಕದಲಲಿಲ್ಲ. 15ರಿಂದ 19ರ ಹುಡುಗಿಯರಲ್ಲಿ ಶೇ. 5.4 ಮಂದಿ ಆಗಲೇ ತಾಯಂದಿರು, ಇಲ್ಲವೇ ಬಸುರಿಯರು. ಅವರಲ್ಲಿ ಹೆಚ್ಚಿನವರು ಯಾವುದೋ ಒಂದು ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು ಕಾಲಕ್ಕೆ ಇದ್ದವರೇ.

– ಸರಿ. ಆದರೆ ಕಡ್ಡಾಯ ಶಿಕ್ಷಣ ಅಂತ ನೀವು ಹೇಳುವುದು ಹದಿನಾಲ್ಕರವರೆಗೆ ತಾನೇ? ಹತ್ತನೇ ತರಗತಿಯ ಹುಡುಗಿ ಬಿಟ್ಟುಹೋದರೆ ನಾನು ಯಾವ ಕಾಯ್ದೆ ಹಿಡಿದು ಕರೆತರಲಿ?

– ಮುಖ್ಯವಾದ ಜಾಗಕ್ಕೇ ಕೈ ಇಟ್ಟಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕರ ಮಕ್ಕಳಿಗೆ. ಆ ವಯಸ್ಸಿನ ಮಗು ಏಳು ದಿನ ಸತತವಾಗಿ ಬರದಿದ್ದರೆ ಹುಡುಕಿಕೊಂಡು ಹೋಗಬೇಕು ಅನ್ನುವ ನಿಯಮ ನಮ್ಮ ರಾಜ್ಯದಲ್ಲಿದೆ. ಹೈಕೋರ್ಟ್ ಚಾಟಿ ಬೀಸಿದ ಮೇಲೆ ಬಂದದ್ದು. ಹದಿನೈದಕ್ಕೆ ಕಾಲಿಟ್ಟ ಕೂಡಲೇ ಆ ಹುಡುಕಾಟ ನಿಂತುಬಿಡುತ್ತದೆ. ಮದುವೆ, ಬಸಿರು, ಓಡಿಹೋಗುವುದು ಎಲ್ಲ ಶುರುವಾಗುವುದೂ ಅದೇ ವಯಸ್ಸಿಗೆ. ಪೋಕ್ಸೊ ಕಾಯ್ದೆಯಲ್ಲಿ ಹದಿನೆಂಟರ ತನಕ ಮಗು, ಬಾಲನ್ಯಾಯ ಕಾಯ್ದೆಯಲ್ಲಿ ಹದಿನೆಂಟರ ತನಕ ಮಗು, ಶಾಲೆಯ ವಿಷಯಕ್ಕೆ ಬಂದಾಗ ಮಾತ್ರ ಹದಿನಾಲ್ಕಕ್ಕೆ ದೊಡ್ಡವಳು. ಹಾಗಂತ ಬಸುರಾದ ವಿದ್ಯಾರ್ಥಿನಿಯನ್ನು ಬಿಡಿಸಿ ಅಂತ ಹೇಳುವ ಒಂದು ನಿಯಮ ಇದ್ದರೆ ನನಗೆ ತೋರಿಸಿ. ಬಿಡಿಸುತ್ತಿರುವುದು ರೂಢಿ.

– ರೂಢಿ ಸುಮ್ಮನೆ ಹುಟ್ಟಿದ್ದಲ್ಲ. ಹೊಟ್ಟೆ ಕಾಣುವ ಹುಡುಗಿಯನ್ನು ಎಂಟನೇ ತರಗತಿಯ ಮಕ್ಕಳ ಮುಂದೆ ಪ್ರಾರ್ಥನೆಗೆ ನಿಲ್ಲಿಸಿದರೆ ಮರುದಿನ ಎಸ್‌ಡಿಎಂಸಿಯವರು ನನ್ನ ಕೋಣೆಯಲ್ಲಿರುತ್ತಾರೆ. 'ನಮ್ಮ ಮಕ್ಕಳೂ ಕೆಡುತ್ತಾರೆ ಸಾರ್' ಅನ್ನುತ್ತಾರೆ. ನಾಲ್ಕು ಜನ ತಂದೆತಾಯಿ ಮಕ್ಕಳನ್ನು ಖಾಸಗಿ ಶಾಲೆಗೆ ಹಾಕುತ್ತಾರೆ. ದಾಖಲಾತಿ ಕುಸಿದರೆ ನನ್ನ ಶಾಲೆಯ ಒಂದು ಹುದ್ದೆ ಹೋಗುತ್ತದೆ. ಇದು ನಿಮಗೆ ಕೋರ್ಟಿನಲ್ಲಿ ಕಾಣುವುದಿಲ್ಲ.

– ಕಾಣುತ್ತದೆ. ಹಾಸ್ಟೆಲಿನಲ್ಲಿ, ವಸತಿ ಶಾಲೆಯಲ್ಲಿ ಹೆರಿಗೆಯಾದ ಸುದ್ದಿ ನಮ್ಮ ರಾಜ್ಯದಲ್ಲೇ ಮತ್ತೆ ಮತ್ತೆ ಬಂದಿದೆಯಲ್ಲ, ಅಲ್ಲಿ ಕಾಣುತ್ತದೆ. ಒಂಬತ್ತು ತಿಂಗಳು ಒಂದೇ ಕೋಣೆಯಲ್ಲಿ ಮಲಗಿದ ಗೆಳತಿಯರಿಗೆ ಗೊತ್ತಾಗಲಿಲ್ಲ, ವಾರ್ಡನ್‌ಗೆ ಗೊತ್ತಾಗಲಿಲ್ಲ, ಆರೋಗ್ಯ ತಪಾಸಣೆಗೆ ಬಂದ ದಾದಿಗೆ ಗೊತ್ತಾಗಲಿಲ್ಲ ಅಂದರೆ ನಂಬುತ್ತೀರಾ? ಕೆಲವರಿಗೆ ಗೊತ್ತಿತ್ತು, ಹೇಳಿದರೆ ಏನಾಗುತ್ತದೆ ಅನ್ನುವುದೂ ಗೊತ್ತಿತ್ತು. ಹಿಂದೊಮ್ಮೆ ಇನ್ನೊಬ್ಬಳಿಗೆ ಏನಾಯಿತು ಅಂತ ಆ ಮಕ್ಕಳು ನೋಡಿದ್ದಾರೆ. ಹೆಸರು ಹೋಯಿತು, ಮನೆಯಲ್ಲಿ ಹೊಡೆತ, ಇಪ್ಪತ್ತೆಂಟರ ಗಂಡಿಗೆ ಮದುವೆ. ನೀವು ಒಬ್ಬಳನ್ನು ಕಳಿಸಿ ಉಳಿದವರಿಗೆ ಕಲಿಸಿದ ಪಾಠ ಅದೇ: ಏನೇ ಆದರೂ ಬಾಯಿ ಬಿಡಬೇಡಿ. ಬಚ್ಚಿಟ್ಟ ಬಸಿರಿಗೆ ಆರೈಕೆ ಇಲ್ಲ, ರಕ್ತಹೀನತೆ ಯಾರೂ ನೋಡುವುದಿಲ್ಲ. ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿಯಾದ ಮೇಲೆ ಅಪ್ರಾಪ್ತರಿಗೂ ಅತ್ಯಾಚಾರಕ್ಕೆ ಒಳಗಾದವರಿಗೂ 24 ವಾರದವರೆಗೆ ಅವಕಾಶವಿದೆ. ಭಯದಲ್ಲಿ ಆ ವಾರಗಳೂ ಕಳೆದುಹೋಗುತ್ತವೆ. ಆಮೇಲೆ ವೈದ್ಯಕೀಯ ಮಂಡಳಿ, ಹೈಕೋರ್ಟು ಅಂತ ಅಲೆದಾಟ.

– ಸುದ್ದಿ ಬಂದ ಕೂಡಲೇ ವಾರ್ಡನ್ ಅಮಾನತು, ಪ್ರಾಂಶುಪಾಲರು ಅಮಾನತು. ನಮ್ಮವರಿಗೂ ಅದೇ ಭಯ ಮೇಡಂ.

– ಅಮಾನತು ಆಗಬೇಕಾದ ಕಡೆ ಆಗಲಿ. ಆದರೆ ಆ ಸುದ್ದಿಗಳಲ್ಲಿ ಒಂದರಲ್ಲಾದರೂ 'ಹುಡುಗಿಯ ವಾರ್ಷಿಕ ಪರೀಕ್ಷೆಗೆ ಏನು ವ್ಯವಸ್ಥೆ ಮಾಡಿದಿರಿ' ಅಂತ ಯಾರಾದರೂ ಅಧಿಕಾರಿಯನ್ನು ಕೇಳಿದ್ದನ್ನು ನಾನು ಓದಿಲ್ಲ. ಊರು, ಹಾಸ್ಟೆಲು, ತರಗತಿ ಎಲ್ಲ ಬರೆದು ಹೆಸರೊಂದನ್ನು ಬಿಟ್ಟಿದ್ದೇವೆ ಅನ್ನುತ್ತಾರೆ. ಪೋಕ್ಸೊ 23ನೇ ಕಲಮು ಶಾಲೆಯ ಹೆಸರನ್ನೂ ಬರೆಯಬಾರದು ಅನ್ನುತ್ತದೆ. ಪಾಲಿಸುವವರು ಎಷ್ಟು ಜನ?

– ಭಯ ಅಂದೆನಲ್ಲ, ಅದನ್ನು ಬಿಡಿಸಿ ಹೇಳುತ್ತೇನೆ. ಒಬ್ಬ ಹುಡುಗಿ ನಮ್ಮ ಮೇಡಮ್ಮನ ಹತ್ತಿರ ಬಂದು, 'ಮಿಸ್, ಯಾರಿಗೂ ಹೇಳಬೇಡಿ' ಅಂತ ಶುರು ಮಾಡುತ್ತಾಳೆ. ಕೇಳಿದ ಮೇಲೆ ಪೊಲೀಸರಿಗೆ ಹೇಳದಿದ್ದರೆ ನಮಗೇ ಜೈಲು. ಹೇಳಿದರೆ ಆ ಮಗುವಿನ ನಂಬಿಕೆ ಮುರಿದ ಹಾಗೆ. ಅದಕ್ಕೇ ನಮ್ಮ ಶಿಕ್ಷಕಿಯರು ಕಿವಿಗೇ ಹಾಕಿಕೊಳ್ಳುವುದಿಲ್ಲ. 'ಅಮ್ಮನಿಗೆ ಹೇಳಮ್ಮ' ಅಂತ ಸಾಗಹಾಕುತ್ತಾರೆ.

– ಇದು ನಿಜವಾದ ಇಕ್ಕಟ್ಟು. ಇಲ್ಲ ಅಂತ ನಾನು ಹೇಳಲಾರೆ. 19ನೇ ಕಲಮಿನ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ತಿಳಿಸಲೇಬೇಕು. ಸುಮ್ಮನಿದ್ದರೆ 21ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆ. ನಿಮ್ಮ ಕೈಕೆಳಗಿನ ನೌಕರನೇ ಆರೋಪಿಯಾಗಿದ್ದು, ಸಂಸ್ಥೆಯ ಮುಖ್ಯಸ್ಥರಾಗಿ ನೀವು ಮುಚ್ಚಿಟ್ಟರೆ ಒಂದು ವರ್ಷದವರೆಗೆ. 2022ರಲ್ಲಿ ಸುಪ್ರೀಂ ಕೋರ್ಟು ವೈದ್ಯರಿಗೊಂದು ರಿಯಾಯಿತಿ ಕೊಟ್ಟಿತು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಬೇಡವೆಂದರೆ ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಾಗಿಲ್ಲ. ಶಿಕ್ಷಕರಿಗೆ ಆ ರಿಯಾಯಿತಿ ಇಲ್ಲ. ಹದಿನಾರು ದಾಟಿದ ಹುಡುಗಿ, ಹದಿನೇಳರ ಹುಡುಗ, ಇಬ್ಬರೂ ಇಷ್ಟಪಟ್ಟದ್ದು, ಆಗಲೂ ವರದಿ ಮಾಡಲೇಬೇಕು. ಈ ಕಲಮು ಮಕ್ಕಳನ್ನು ಆಸ್ಪತ್ರೆಯಿಂದಲೂ ಶಾಲೆಯಿಂದಲೂ ದೂರ ಓಡಿಸುತ್ತಿದೆ ಅಂತ ನನ್ನ ಅಭಿಪ್ರಾಯ. ಆದರೆ ಕಾನೂನು ಇರುವತನಕ ಅದರೊಳಗೇ ದಾರಿ ಹುಡುಕಬೇಕು.

– ಏನು ದಾರಿ?

– 'ಯಾರಿಗೂ ಹೇಳಬೇಡಿ' ಅಂದಾಗ 'ಆಯ್ತು' ಅನ್ನಬೇಡಿ. ಸುಳ್ಳು ಮಾತು ಕೊಟ್ಟು ಆಮೇಲೆ ಮುರಿಯುವುದೇ ಮಗುವಿಗೆ ಹೆಚ್ಚು ನೋವು. 'ನೋಡು, ನಿನಗೆ ಅಪಾಯ ಇದ್ದರೆ ಕೆಲವರಿಗೆ ಹೇಳಬೇಕಾಗುತ್ತದೆ. ಆದರೆ ಯಾರಿಗೆ ಹೇಳಿದೆ ಅಂತ ನಿನಗೆ ಮೊದಲು ಹೇಳುತ್ತೇನೆ. ಸ್ಟಾಫ್ ರೂಮಿಗೆ ಹೋಗುವುದಿಲ್ಲ, ನಿನ್ನ ಕ್ಲಾಸಿಗೆ ಹೋಗುವುದಿಲ್ಲ' ಅಂತ ಮೊದಲೇ ಹೇಳಬೇಕು. ಆಮೇಲೆ ಆ ಮಾತು ನಡೆಸಬೇಕು. ಅವಳು ಹೇಳಿದಷ್ಟು ಕೇಳಿ. ಎಷ್ಟು ಸಲ, ಎಲ್ಲಿ, ಹೇಗೆ ಅಂತ ಕೆದಕುವುದು ನಿಮ್ಮ ಕೆಲಸವಲ್ಲ. ನಮ್ಮ ಶಾಲೆಗಳಲ್ಲಿ ಏನಾಗುತ್ತದೆ ನೋಡಿ: ತರಗತಿ ಶಿಕ್ಷಕಿ ಒಮ್ಮೆ ಕೇಳುತ್ತಾರೆ, ನೀವೊಮ್ಮೆ ಕೇಳುತ್ತೀರಿ, ಎಸ್‌ಡಿಎಂಸಿ ಅಧ್ಯಕ್ಷರು ಒಮ್ಮೆ, ಬಿಇಒ ಕಚೇರಿಯಿಂದ ಬಂದವರು ಒಮ್ಮೆ. ಮ್ಯಾಜಿಸ್ಟ್ರೇಟರ ಮುಂದೆ ಬರುವ ಹೊತ್ತಿಗೆ ಆ ಮಗು ಅದೇ ಕಥೆಯನ್ನು ಅಷ್ಟು ಜನರಿಗೆ ಒಪ್ಪಿಸಿ ಮುಗಿಸಿರುತ್ತದೆ. ವಾಕ್ಯದಲ್ಲಿ ಒಂದು ಪದ ಹೆಚ್ಚುಕಡಿಮೆ ಆದರೂ ಎದುರು ವಕೀಲರು ಅದನ್ನೇ ಹಿಡಿಯುತ್ತಾರೆ. ಮಕ್ಕಳ ಸಹಾಯವಾಣಿ 1098ಕ್ಕೋ 112ಕ್ಕೋ ಕರೆ ಮಾಡಿ, ಇಲ್ಲವೇ ನೇರ ಪೊಲೀಸರಿಗೆ ತಿಳಿಸಿ. ಅವರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ನಿಮ್ಮ ತನಿಖೆ ಯಾರಿಗೂ ಬೇಕಾಗಿಲ್ಲ.

– ಪೊಲೀಸರು ಜೀಪು ತಂದು ಗೇಟಿನ ಮುಂದೆ ನಿಲ್ಲಿಸಿದರೆ ನಿಮ್ಮ ಗುಟ್ಟೆಲ್ಲ ಮುಗಿಯಿತು. ಮಧ್ಯಾಹ್ನದ ಊಟದ ಹೊತ್ತಿಗೆ ಇಡೀ ಊರಿಗೆ ಗೊತ್ತು.

– 24ನೇ ಕಲಮು ಏನು ಹೇಳುತ್ತದೆ? ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಅಥವಾ ಮಗು ಹೇಳಿದ ಜಾಗದಲ್ಲಿ ಪಡೆಯಬೇಕು. ಆದಷ್ಟೂ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಲ್ಲದ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರ ಇರಬಾರದು. ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಇದನ್ನು ಇನ್‌ಸ್ಪೆಕ್ಟರಿಗೆ ಫೋನಿನಲ್ಲಿ ನೆನಪಿಸುವ ಹಕ್ಕು ಹೆಡ್‌ಮಾಸ್ಟರಿಗೆ ಇದೆ. 'ಶಾಲೆಗೆ ಬರಬೇಡಿ, ಸಂಜೆ ಅವಳ ಅಜ್ಜಿಯ ಮನೆಗೆ ಬನ್ನಿ, ಡ್ರೆಸ್ಸಿನಲ್ಲಿ ಬರಬೇಡಿ' ಅಂತ ಹೇಳಿದ ಹೆಡ್‌ಮಾಸ್ಟರುಗಳನ್ನು ಕಂಡಿದ್ದೇನೆ. ಕೇಳಿದ ಪೊಲೀಸರನ್ನೂ ಕಂಡಿದ್ದೇನೆ. ಎಲ್ಲರೂ ಕೆಟ್ಟವರಲ್ಲ ಸರ್, ಹೇಳುವವರು ಬೇಕು.

– ಆರೋಪಿ ಶಾಲೆಯವನೇ ಆಗಿದ್ದರೆ?

– ಹೋಗಬೇಕಾದವನು ಅವನು. ನೌಕರನಾದರೆ ಶಾಲೆಯಿಂದ ದೂರ ಇಡಿ, ಇಲಾಖೆಗೆ ಬರೆಯಿರಿ. ನಮ್ಮಲ್ಲಿ ತಿರುವುಮುರುವು. ವಿಚಾರಣೆ ಮುಗಿಯುವ ತನಕ ಹುಡುಗಿ ಮನೆಯಲ್ಲಿ, ಮೇಷ್ಟ್ರು ಪಕ್ಕದ ಹೋಬಳಿಯ ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಾನೆ. ಅಲ್ಲಿ ಹುಡುಗಿಯರು ಇಲ್ಲವೇ? 2016ರಲ್ಲೇ ಶಾಲೆಗಳಿಗೆ ಅಂತ ರಾಜ್ಯದ ಮಕ್ಕಳ ರಕ್ಷಣಾ ನೀತಿ ಬಂದಿದೆ. ಎಷ್ಟು ಶಾಲೆಗಳ ಕಪಾಟಿನಲ್ಲಿದೆಯೋ.

– ನೀವು ಆಗಲೇ ಹದಿನೇಳರ ಹುಡುಗನ ವಿಷಯ ಎತ್ತಿದ್ದು ಒಳ್ಳೆಯದಾಯಿತು. ನಮ್ಮೂರಿನ ಹಲವು ಪ್ರಕರಣಗಳಲ್ಲಿ ಹುಡುಗನಿಗೂ ಹದಿನೇಳು, ಹದಿನೆಂಟು. ಅವನದ್ದೂ ಓದು ಹೋಯಿತಲ್ಲ? ಅವನ ಬಗ್ಗೆ ಮಾತಾಡಿದರೆ ಆರೋಪಿಯ ಪರ ಅನ್ನುತ್ತಾರೆ.

– ಅನ್ನಲಿ. ಬಲಾತ್ಕಾರದ ಮಾತು ಬೇರೆ, ಅದನ್ನು ಇದರ ಜೊತೆ ಬೆರೆಸುವುದು ಬೇಡ. ಇಬ್ಬರು ಮಕ್ಕಳು ಕೂಡಿ ತಂದೆತಾಯಿ ಆದ ಪ್ರಕರಣಗಳಲ್ಲಿ ಹುಡುಗ ಹದಿನೆಂಟರ ಒಳಗಿದ್ದರೆ ಬಾಲನ್ಯಾಯ ಮಂಡಳಿಯ ಮುಂದೆ, ಒಂದು ದಿನ ದಾಟಿದ್ದರೂ ವಿಶೇಷ ನ್ಯಾಯಾಲಯದ ಮುಂದೆ. 2019ರ ತಿದ್ದುಪಡಿಯ ನಂತರ ಕನಿಷ್ಠ ಶಿಕ್ಷೆಯೇ ಹತ್ತು ವರ್ಷ, ಹುಡುಗಿ ಹದಿನಾರರ ಒಳಗಿದ್ದರೆ ಅಥವಾ ಬಸುರಾಗಿದ್ದರೆ ಇಪ್ಪತ್ತು. 2022ರ ನವೆಂಬರಿನಲ್ಲಿ ನಮ್ಮ ಹೈಕೋರ್ಟಿನ ಧಾರವಾಡ ಪೀಠ ಇಂಥದ್ದೇ ಒಂದು ಪ್ರಕರಣದಲ್ಲಿ ವಯಸ್ಸಿನ ಮಾನದಂಡವನ್ನು ಮತ್ತೆ ಯೋಚಿಸಿ ಅಂತ ಕಾನೂನು ಆಯೋಗಕ್ಕೆ ಹೇಳಿತು. ಒಂಬತ್ತನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಪೋಕ್ಸೊ ಬಗ್ಗೆ ಪಾಠ ಮಾಡಿಸಿ ಅಂತ ಶಿಕ್ಷಣ ಇಲಾಖೆಗೂ ಹೇಳಿತು. ಆಯೋಗ ಮರುವರ್ಷ ವಯಸ್ಸು ಇಳಿಸುವುದು ಬೇಡ ಅಂದಿತು, ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಅಂದಿತು. ಅಲ್ಲಿಗೆ ನಿಂತಿದೆ. ಇನ್ನು ಆ ಪಾಠ ನಿಮ್ಮ ಶಾಲೆಯಲ್ಲಿ ನಡೆದಿದೆಯೇ?

– ಒಂದು ದಿನ ಕಾರ್ಯಕ್ರಮ ಆಯಿತು. ನ್ಯಾಯಾಧೀಶರು ಬಂದಿದ್ದರು, ಹಾರ ಹಾಕಿದೆವು.

– ಹಾರ ಹಾಕಿದಿರಿ. ಸರಿ ಬಿಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಪಶ್ಚಿಮ ಬಂಗಾಳದ ಒಂದು ಪ್ರಕರಣದಲ್ಲಿ ಕೊಟ್ಟ ತೀರ್ಪು ಓದಿ. ನ್ಯಾಯಮೂರ್ತಿ ಅಭಯ್ ಓಕಾ, ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಅವರ ಪೀಠ. ಹದಿನಾಲ್ಕರಲ್ಲಿ ಮನೆ ಬಿಟ್ಟುಹೋದ ಹುಡುಗಿ, ಒಂದು ಮಗು, ಗಂಡಿಗೆ ಶಿಕ್ಷೆ. ಕೋರ್ಟು ಒಂದು ಸಮಿತಿ ನೇಮಿಸಿ ಅವಳನ್ನೇ ಕೇಳಿಸಿತು. ಕಾನೂನು ಅಪರಾಧ ಅಂದದ್ದಕ್ಕಿಂತ ಆಮೇಲೆ ನಡೆದ ಪೊಲೀಸು, ಕೋರ್ಟು, ಅವನನ್ನು ಬಿಡಿಸಿಕೊಳ್ಳುವ ಹೋರಾಟವೇ ಅವಳನ್ನು ಹೆಚ್ಚು ಹಣ್ಣು ಮಾಡಿತ್ತು ಅಂತ ತಿಳಿಯಿತು. ಇದು ಇತರ ಪ್ರಕರಣಗಳಿಗೆ ಮಾದರಿಯಲ್ಲ ಅಂತ ಸ್ಪಷ್ಟವಾಗಿ ಹೇಳಿಯೇ ಅವನಿಗೆ ಶಿಕ್ಷೆ ವಿಧಿಸದೆ ಬಿಟ್ಟರು. ಪತ್ರಿಕೆಗಳು ಬರೆದದ್ದು ಅಷ್ಟನ್ನೇ. ಅದೇ ತೀರ್ಪಿನಲ್ಲಿ ಅವಳನ್ನು ಹತ್ತನೇ ತರಗತಿ ಪಾಸಾಗುವ ತನಕ ಓದಿಸಿ, ಮುಂದೆ ಪದವಿ ಬೇಕೆಂದರೆ ಅದರ ಖರ್ಚೂ ನಿಮ್ಮದೇ ಅಂತ ಆ ಸರ್ಕಾರಕ್ಕೆ ಆದೇಶ ಇದೆ. ಒಂದು ಮಗುವಿನ ತಾಯಿ ಹತ್ತನೇ ತರಗತಿ ಓದಬಹುದು ಅಂತ ದೇಶದ ದೊಡ್ಡ ಕೋರ್ಟೇ ಹೇಳಿದ ಮೇಲೆ ನಿಮ್ಮ ಎಸ್‌ಡಿಎಂಸಿಗೆ ಏನು ಉತ್ತರ ಕೊಡಬೇಕು ಅನ್ನುವ ಚಿಂತೆ ಇರಬಾರದು.

– ಆದರೂ ಮದುವೆಯಾದ ಹುಡುಗಿ. ತಾಳಿ ಕಟ್ಟಿಕೊಂಡು ಬಂದು ಬೆಂಚಿನ ಮೇಲೆ ಕೂರುತ್ತಾಳೆ ಅಂದರೆ...

– ಕರ್ನಾಟಕದಲ್ಲಿ ಕಾನೂನಿನ ಕಣ್ಣಿಗೆ ಅವಳು ಮದುವೆಯಾದವಳೇ ಅಲ್ಲ. ದೇಶದ 2006ರ ಕಾಯ್ದೆಯಲ್ಲಿ ಬಾಲ್ಯವಿವಾಹವನ್ನು ಕೋರ್ಟಿಗೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ನಮ್ಮ ರಾಜ್ಯ ಅದಕ್ಕೆ ತಿದ್ದುಪಡಿ ತಂದು, ಜಾರಿಯ ನಂತರ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಅಂತ ಮಾಡಿದೆ. 2017ರಲ್ಲಿ ಸುಪ್ರೀಂ ಕೋರ್ಟು ಅದನ್ನು ಮೆಚ್ಚಿ ಬೇರೆ ರಾಜ್ಯಗಳೂ ಹೀಗೆ ಮಾಡಲಿ ಅಂತ ಬರೆದಿತ್ತು. ಇಂಥ ಕಾಯ್ದೆ ಇಟ್ಟುಕೊಂಡು ನಾವು ಶಾಲೆಯಲ್ಲಿ ಮಾತ್ರ ಅವಳನ್ನು ಗೃಹಿಣಿ ಮಾಡಿ ಕಳಿಸುತ್ತೇವೆ.

– ಕಾಯ್ದೆ ನಿಮಗೆ ಬಾಯಿಪಾಠ. ನನಗೆ ಬೇಕಾದ್ದು ಬೇರೆ. ಜನವರಿಯಲ್ಲಿ ಹೆರಿಗೆ ಅಂತ ಇಟ್ಟುಕೊಳ್ಳಿ. ಹಾಜರಿ ಶೇ. 75 ಇರಬೇಕು. ಮಗುವಿಗೆ ಎರಡು ಗಂಟೆಗೊಮ್ಮೆ ಹಾಲು. ಮಾರ್ಚಿನಲ್ಲಿ ಪರೀಕ್ಷೆ. ಹೇಗೆ?

– ಇಲ್ಲೇ ಕೂತು ಲೆಕ್ಕ ಹಾಕೋಣ. ಆಗಸ್ಟಿನಿಂದ ಡಿಸೆಂಬರಿನವರೆಗೆ ವೈದ್ಯರು ಬೇಡ ಅನ್ನದಿದ್ದರೆ ಅವಳು ಬರಬಹುದು. ಮೂರನೇ ಮಹಡಿಯ ತರಗತಿಯನ್ನು ಕೆಳಗೆ ತನ್ನಿ, ಪಿಟಿ ಪೀರಿಯಡ್ಡಿನಲ್ಲಿ ಓಡಿಸಬೇಡಿ, ಶೌಚಾಲಯಕ್ಕೆ ಹೋಗಲು ಅನುಮತಿ ಕೇಳಿಸಬೇಡಿ. ತಪಾಸಣೆಗೆ ಹೋದ ದಿನಗಳನ್ನು, ಕೋರ್ಟಿಗೆ ಹೋದ ದಿನಗಳನ್ನು ಬರೀ ಗೈರು ಅಂತ ಬಿಡದೆ ಬೇರೆ ಗುರುತಿಸಿಟ್ಟುಕೊಳ್ಳಿ. ಕಾರಣ ಹಾಜರಿ ಪುಸ್ತಕದಲ್ಲಿ ಬೇಡ, ಅದನ್ನು ಎಲ್ಲ ಶಿಕ್ಷಕರೂ ತೆರೆಯುತ್ತಾರೆ. ಮುಚ್ಚಿದ ಲಕೋಟೆಯಲ್ಲಿ ನಿಮ್ಮ ಬೀರುವಿನಲ್ಲಿರಲಿ. ಹಾಜರಿ ಕಡಿಮೆ ಬಿದ್ದರೆ ವೈದ್ಯಕೀಯ ಕಾರಣ ತೋರಿಸಿ ಶಿಫಾರಸು ಬರೆಯಬೇಕಾದವರು ನೀವೇ. ಹೆರಿಗೆಯಾದ ಮೇಲೆ ಎರಡು ತಿಂಗಳು ಯಾರಾದರೂ ಒಬ್ಬ ಗೆಳತಿಯ ಕೈಯಲ್ಲಿ ನೋಟ್ಸು ಕಳಿಸಿ. ಮಾರ್ಚಿನದ್ದು ಆಗದಿದ್ದರೂ 2024ರಿಂದ ನಮ್ಮ ಮಂಡಳಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುತ್ತಿದೆಯಲ್ಲ, ಮುಂದಿನದ್ದಕ್ಕೆ ಕೂರಲಿ, ವರ್ಷ ಹಾಳಾಗುವುದಿಲ್ಲ. ಇದೆಲ್ಲ ಆಗಬೇಕಾದರೆ ಅವಳ ಹೆಸರು ನೋಂದಣಿಯಲ್ಲಿ ಇರಬೇಕು. ಟಿಸಿ ಕೊಟ್ಟಿರೋ, ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ ಸ್ಯಾಟ್ಸ್‌ನಲ್ಲಿ ಅವಳು ಯಾವ ಶಾಲೆಗೂ ಸೇರದವಳು.

– ಹಾಲು?

– ಶಾಲೆಗೆ ಅರ್ಧ ಕಿಲೋಮೀಟರಿನಲ್ಲಿ ಮನೆ ಇದ್ದರೆ ಎರಡು ಬಿಡುವಿಗೆ ಹೋಗಿ ಬರಲಿ. ಇಲ್ಲದಿದ್ದರೆ ಅಜ್ಜಿ ಮಗುವನ್ನು ತರಲಿ, ಒಂದು ಕೋಣೆ ಕೊಡಿ. ಕ್ರೀಡಾಸಾಮಾನು ಇಡುವ ಕೋಣೆ ಎಲ್ಲ ಶಾಲೆಯಲ್ಲೂ ಇದೆ. ಇನ್ನೊಂದು ಮಾತು ಕೇಳಿ. 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ತೆರೆದಿದ್ದಾರೆ. ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮಕ್ಕಳನ್ನು ನೋಡಿಕೊಳ್ಳುವುದಕ್ಕೆ. ಮಣ್ಣು ಹೊರುವ ತಾಯಿಯ ಮಗುವಿಗೆ ಜಾಗ ಇದೆ ಅಂದ ಮೇಲೆ ಗಣಿತ ಕಲಿಯುವ ತಾಯಿಯ ಮಗುವಿಗೆ ಯಾಕಿಲ್ಲ? ಪಿಡಿಒ ಮನಸ್ಸು ಮಾಡಿದರೆ ನಾಳೆಯೇ ಆಗುವ ಕೆಲಸ. ಅಂಗನವಾಡಿಯಲ್ಲಿ ಮಾತೃಪೂರ್ಣದ ಊಟ ಇದೆ, ಬಸ್ಸಿಗೆ ಶಕ್ತಿ ಯೋಜನೆ ಇದೆ. ನಮ್ಮ ರಾಜ್ಯದಲ್ಲಿ ತಾಯಂದಿರಿಗೆ ಯೋಜನೆಗಳಿವೆ, ವಿದ್ಯಾರ್ಥಿನಿಯರಿಗೆ ಯೋಜನೆಗಳಿವೆ. ಎರಡೂ ಆಗಿರುವವಳು ಬಂದರೆ ಎರಡೂ ಕಡೆ ಕಿಟಕಿ ಮುಚ್ಚುತ್ತದೆ.

– ತಾಯಿ ಕಾರ್ಡ್ ಮಾಡಿಸಲು ಹೋದರೆ ಆಶಾ ಕಾರ್ಯಕರ್ತೆ ವಯಸ್ಸು ಹತ್ತೊಂಬತ್ತು ಅಂತ ಬರೆದುಬಿಡುತ್ತಾಳೆ. ಯಾಕೆ ಸುಮ್ಮನೆ ಕೇಸು ಅಂತ.

– ಬರೆಯುತ್ತಾರೆ. ಆಗ ಅವಳು ಆಸ್ಪತ್ರೆಯಲ್ಲಿ ಹತ್ತೊಂಬತ್ತು, ನಿಮ್ಮಲ್ಲಿ ಹದಿನಾರು. ಹೆರಿಗೆಯ ಅಪಾಯವನ್ನು ವೈದ್ಯರು ಹತ್ತೊಂಬತ್ತರ ಮೈಗೆ ಅಂತ ಅಳೆಯುತ್ತಾರೆ.

– ನೀವು ಹೇಳಿದ್ದು ಮನೆಯಲ್ಲಿರುವ ಹುಡುಗಿಗೆ. ಮನೆಯಲ್ಲೇ ಅಪಾಯ ಇದ್ದರೆ? ಮಲತಂದೆ, ಚಿಕ್ಕಪ್ಪ... ಅಂಥವಳನ್ನು ಬಾಲಮಂದಿರಕ್ಕೆ ಕಳಿಸುವುದೇ ಸುರಕ್ಷಿತ. ಶಾಲೆ ತಪ್ಪಿದರೂ ಜೀವ ಉಳಿಯುತ್ತದೆ.

– ಕೆಲವು ಸಲ ಬಾಲಮಂದಿರವೇ ಸರಿ, ಒಪ್ಪಿದೆ. ಆದರೆ ಜೀವ ಅಥವಾ ಶಾಲೆ ಅಂತ ಆಯ್ಕೆ ಮಾಡುವ ಸ್ಥಿತಿ ಬರಬಾರದು. ಮನೆಯಿಂದ ತೆಗೆಯಬೇಕೇ ಬೇಡವೇ ಅಂತ ಮಕ್ಕಳ ಕಲ್ಯಾಣ ಸಮಿತಿ ಮೂರು ದಿನದೊಳಗೆ ತೀರ್ಮಾನಿಸಬೇಕು. ಆ ಮೂರು ದಿನದಲ್ಲಿ ಶಾಲೆಯಿಂದ ಯಾರೂ ಅಲ್ಲಿಗೆ ಹೋಗುವುದಿಲ್ಲ. ನೀವು ಒಂದು ಪತ್ರ ಕಳಿಸಿ: ಇವಳು ಹತ್ತನೇ ತರಗತಿ, ಪರೀಕ್ಷೆ ಇಂಥ ತಿಂಗಳು, ಓದು ಹೀಗಿದೆ, ಅಜ್ಜಿಯೋ ದೊಡ್ಡಮ್ಮನೋ ನಂಬಿಕಸ್ಥರು ಇದ್ದಾರೆ. ಬಾಲಮಂದಿರ ಇರುವುದು ಜಿಲ್ಲಾ ಕೇಂದ್ರದಲ್ಲಿ, ಶಾಲೆ ತಾಲ್ಲೂಕಿನ ಆಚೆ. ಹತ್ತಿರದಲ್ಲಿ ಸಂಬಂಧಿಕರ ಮನೆ ಇದ್ದರೆ, ಇಲ್ಲವೇ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದಂಥ ವಸತಿ ವ್ಯವಸ್ಥೆ ಸಿಕ್ಕಿದರೆ ಓದು ಕಡಿಯುವುದಿಲ್ಲ. ಹೋಗಲೇಬೇಕಾಗಿ ಬಂದರೆ ದಾಖಲೆಗಳು ಅದೇ ವಾರ ಹೊಸ ಶಾಲೆ ಸೇರಲಿ. ಟಿಸಿ ತಡ ಮಾಡಬೇಡಿ. ಅಲ್ಲಿಗೆ ಯಾಕೆ ಬಂದಳು ಅಂತ ಅದರಲ್ಲಿ ಬರೆಯಬೇಡಿ. ಇನ್ನು ರಾಷ್ಟ್ರೀಯ ಮುಕ್ತ ಶಾಲೆ ಇದೆ. ಹದಿನಾಲ್ಕು ತುಂಬಿದವರು ಹತ್ತನೆಯದಕ್ಕೆ ಸೇರಬಹುದು, ಮುಗಿಸಲು ಐದು ವರ್ಷ ಸಮಯ. ಒಳ್ಳೆಯ ದಾರಿಯೇ. ಆದರೆ ಅದನ್ನು ಹುಡುಗಿ ಕೇಳಿದಾಗ ತೋರಿಸಬೇಕು. ನಿಮಗೆ ಮುಜುಗರವಾಯಿತು ಅಂತ ಆ ದಾರಿಗೆ ದೂಡಬಾರದು. ಮನೆಯಲ್ಲಿ ಪುಸ್ತಕ ಕೊಟ್ಟು ಕೂರಿಸಿದರೆ ಹೊಲಕ್ಕೆ ಕಳಿಸುತ್ತಾರೆ, ಇಲ್ಲವೇ ಅದೇ ಚಿಕ್ಕಪ್ಪ ಮನೆಯಲ್ಲಿರುತ್ತಾನೆ. ಶಾಲೆ ಅಂದರೆ ಅವಳಿಗೆ ದಿನಕ್ಕೆ ಏಳು ಗಂಟೆ ಅವನ ಕೈಗೆ ಸಿಗದ ಜಾಗ.

– ಅದನ್ನು ನಾನು ಯೋಚಿಸಿರಲಿಲ್ಲ. ಹಣಕಾಸು? ಅಂಥ ಮನೆಗಳಲ್ಲಿ ಆರೋಪಿಯೇ ದುಡಿಯುವವನು. ಅವನು ಜೈಲಿಗೆ ಹೋದ ಮೇಲೆ ಹುಡುಗಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ.

– 2020ರ ಪೋಕ್ಸೊ ನಿಯಮಗಳನ್ನು ಯಾರೂ ಓದುವುದಿಲ್ಲ. ಊಟ, ಬಟ್ಟೆ, ಪ್ರಯಾಣ ಇಂಥ ತುರ್ತು ಅಗತ್ಯಕ್ಕೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಿದರೆ ಒಂದು ವಾರದೊಳಗೆ ಹಣ ಕೊಡಬೇಕು. ಅದು ಬಿಟ್ಟು, ಪ್ರಕರಣ ನಡೆಯುತ್ತಿರುವಾಗಲೇ ವಿಶೇಷ ನ್ಯಾಯಾಲಯ ಮಧ್ಯಂತರ ಪರಿಹಾರ ಕೊಡಬಹುದು. ಶಿಕ್ಷೆಯಾಗುವ ತನಕ ಕಾಯಬೇಕಾಗಿಲ್ಲ. ಪರಿಹಾರ ಎಷ್ಟು ಅಂತ ತೀರ್ಮಾನಿಸುವಾಗ ಶಾಲೆಗೆ ಹೋಗಲಾಗದೆ ಕಳೆದ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಅಂತ ನಿಯಮದಲ್ಲೇ ಇದೆ. ಆ ಲೆಕ್ಕ ನ್ಯಾಯಾಧೀಶರಿಗೆ ಎಲ್ಲಿಂದ ಬರಬೇಕು? ನಿಮ್ಮ ಹಾಜರಿ ಪುಸ್ತಕದಿಂದ. ಹೆಸರು ಹೊಡೆದುಹಾಕಿದರೆ ಅವಳು ಕಳೆದುಕೊಂಡದ್ದಕ್ಕೆ ಸಾಕ್ಷಿಯೂ ಉಳಿಯುವುದಿಲ್ಲ. ಇನ್ನು ಬೆಂಬಲ ವ್ಯಕ್ತಿ ಅಂತ ಒಬ್ಬರನ್ನು ಸಮಿತಿ ನೇಮಿಸುತ್ತದೆ. ಆಸ್ಪತ್ರೆಗೆ, ಕೋರ್ಟಿಗೆ ಮಗುವಿನ ಜೊತೆ ಇರುವವರು. ಅವರ ಫೋನ್ ನಂಬರು ನಿಮ್ಮಲ್ಲಿರಲಿ. ಪರೀಕ್ಷೆಯ ದಿನಕ್ಕೆ ಸಾಕ್ಷಿಯ ದಿನಾಂಕ ಬಿದ್ದರೆ ಅವರ ಮೂಲಕ ಸರ್ಕಾರಿ ಅಭಿಯೋಜಕರಿಗೆ ಹೇಳಿ ಬದಲಿಸಿಕೊಳ್ಳಬಹುದು. ಸಮನ್ಸನ್ನು ಶಾಲೆಗೆ ತರಬೇಡಿ ಅಂತಲೂ ಅವರೇ ಹೇಳಬೇಕು. ಕಾಯ್ದೆಯ ಪ್ರಕಾರ ಮಗುವಿನ ಸಾಕ್ಷ್ಯ 30 ದಿನದಲ್ಲಿ, ವಿಚಾರಣೆ ಒಂದು ವರ್ಷದಲ್ಲಿ ಮುಗಿಯಬೇಕು. ಹಾಗೆ ಮುಗಿದರೆ ನಾನು ಇಷ್ಟು ಮಾತಾಡುವ ಅಗತ್ಯವೇ ಇರುತ್ತಿರಲಿಲ್ಲ.

– ಇಷ್ಟೆಲ್ಲ ಒಬ್ಬ ಹೆಡ್‌ಮಾಸ್ಟರು ನೆನಪಿಟ್ಟುಕೊಳ್ಳಬೇಕೆಂದರೆ ಕಷ್ಟ ಮೇಡಂ. ಬಿಸಿಯೂಟದ ಅಕ್ಕಿ, ಮೊಟ್ಟೆ, ಶೂ, ಚುನಾವಣೆ, ಗಣತಿ, ಆಮೇಲೆ ಇದು.

– ಅದೂ ನಿಜ. ಅದಕ್ಕೇ ಇದು ಹೆಡ್‌ಮಾಸ್ಟರರ ಒಳ್ಳೆಯತನದ ಮೇಲೆ ನಿಲ್ಲಬಾರದು ಅನ್ನುತ್ತೇನೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 2025ರ ಜುಲೈ 1ರಿಂದ ಇಂಥದೊಂದು ಕಾನೂನು ಜಾರಿಯಲ್ಲಿದೆ. ತಾಯ್ತಂದೆಯಾದ, ಆಗಲಿರುವ ವಿದ್ಯಾರ್ಥಿಗಳಿಗೆ, ಮನೆಯ ಹಿಂಸೆಗೋ ಲೈಂಗಿಕ ಹಿಂಸೆಗೋ ಒಳಗಾದವರಿಗೆ ಗೈರುಹಾಜರಿ ಮಾಫಿ, ಅವರ ವಿಷಯ ಗುಟ್ಟಾಗಿ ನೋಡಿಕೊಳ್ಳಲು ತರಬೇತಿ ಪಡೆದ ಸಿಬ್ಬಂದಿ. ಬಡ ದೇಶದ ಮಾತು ಬೇಕೇ? ತಾಂಜಾನಿಯಾ ಬಸುರಾದ ಹುಡುಗಿಯರನ್ನು ಶಾಲೆಯಿಂದ ಹೊರಗಿಡುತ್ತಿತ್ತು, 2021ರ ನವೆಂಬರಿನಲ್ಲಿ ಬಿಟ್ಟುಕೊಟ್ಟಿತು. ಸಿಯೆರಾ ಲಿಯೋನ್ 2020ರ ಮಾರ್ಚಿನಲ್ಲಿ. ನಮ್ಮಲ್ಲಿ ನಿಷೇಧವೂ ಇಲ್ಲ, ರಕ್ಷಣೆಯೂ ಇಲ್ಲ. ಹಾಗಾಗಿ ಪ್ರತಿ ಊರಿನಲ್ಲೂ ಯಾರೋ ಒಬ್ಬರು ತೀರ್ಮಾನಿಸುತ್ತಾರೆ.

– ಹಾಗಾದರೆ ಇಲಾಖೆಯಿಂದ ಏನು ಬರಬೇಕು ಅಂತೀರಿ?

– ಎರಡು ಪುಟದ ಸುತ್ತೋಲೆ. ಬಸುರು, ಬಾಣಂತನ, ಮದುವೆ, ಪೋಕ್ಸೊ ಪ್ರಕರಣ ಇವುಗಳ ಕಾರಣಕ್ಕೆ ಹದಿನೆಂಟರೊಳಗಿನ ಯಾರ ಹೆಸರನ್ನೂ ತೆಗೆಯಬಾರದು. ಇಂಥ ಸಂದರ್ಭದಲ್ಲಿ ಪೋಷಕರು ಟಿಸಿ ಕೇಳಿದರೆ ಮೊದಲು ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. ಹಾಜರಿ ವಿನಾಯಿತಿಗೆ ಒಂದು ನಮೂನೆ. ಪ್ರತಿ ಶಾಲೆಯಲ್ಲಿ ಮಕ್ಕಳೇ ಒಪ್ಪಿದ ಒಬ್ಬ ಶಿಕ್ಷಕಿ. ಹಾಸ್ಟೆಲಿನಲ್ಲಿ ಹೆರಿಗೆಯಾದರೆ ಅಮಾನತು ಆದೇಶದ ಜೊತೆಗೇ ಆ ಹುಡುಗಿಯ ಓದಿನ ಯೋಜನೆಯನ್ನೂ ಜಿಲ್ಲಾಧಿಕಾರಿಗೆ ಸಲ್ಲಿಸಬೇಕು. ಇಷ್ಟಕ್ಕೆ ಹೊಸ ಕಾಯ್ದೆಯೂ ಬೇಡ, ದೊಡ್ಡ ಹಣವೂ ಬೇಡ.

– ಮುಂದಿನ ತಾಲ್ಲೂಕು ಮುಖ್ಯೋಪಾಧ್ಯಾಯರ ಸಭೆಯಲ್ಲಿ ಎತ್ತುತ್ತೇನೆ. ಬೈಯುತ್ತಾರೆ.

– ಬೈಯಲಿ, ಎತ್ತಿ. ಸಭೆಗೆ ಹೋಗುವ ಮುಂಚೆ ಕಳೆದ ಮೂರು ವರ್ಷದಲ್ಲಿ ನಿಮ್ಮ ಶಾಲೆಯಿಂದ ಒಂಬತ್ತು, ಹತ್ತನೇ ತರಗತಿಯ ಮಧ್ಯದಲ್ಲಿ ಟಿಸಿ ಪಡೆದು ಬೇರೆಲ್ಲೂ ಸೇರದ ಹುಡುಗಿಯರ ಪಟ್ಟಿ ಸ್ಯಾಟ್ಸ್‌ನಿಂದ ತೆಗೆಸಿ. ಅವರಲ್ಲಿ ಹಲವರಿಗೆ ಇನ್ನೂ ಹದಿನೆಂಟು ತುಂಬಿಲ್ಲ. ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕಟ್ಟಲು ಈಗಲೂ ಅವಕಾಶವಿದೆ.